'ಆರೋಪಿ', 'ಆರೋಪಿತ', ಮತ್ತು ವಚನದ ತೊಡಕು

ಬಲ್ಲವರಲ್ಲಿ ಒಂದು ಕೇಳಿಕೆ.

ಬೇರೆ ಬೇರೆ ದೇಶಗಳ ಪತ್ರಿಕಾನೀತಿಯನ್ನು ಹೋಲಿಸುವ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಪುಟದಲ್ಲೇ 'ಆರೋಪಿ' ಅಡ್ಡಗಟ್ಟಿದ್ದಾನೆ. 'ದ್ವೇಷಿ' ಎಂದರೆ ದ್ವೇಷಿಸುವವನು, 'ವಾದಿ' ಎಂದರೆ ವಾದಿಸುವವನು. ಆ ಲೆಕ್ಕದಲ್ಲಿ 'ಆರೋಪಿ' ಆರೋಪ ಹೊರಿಸುವವನಾಗಬೇಕು, ಹೊತ್ತವನು 'ಆರೋಪಿತ'. 'ರೋಗಿ', 'ಅಪರಾಧಿ'ಗಳ ಸಾಲಿಗೆ ಸೇರಿಸಿದರೆ ಆರೋಪ ಉಳ್ಳವನು ಎಂದಾಗಿ ರೂಢಿಯ ಅರ್ಥವೂ ನಿಲ್ಲುತ್ತದೆ, ಒಪ್ಪುತ್ತೇನೆ. ನನ್ನ ತಕರಾರು ಆ ಸಾಲಿನ ಮೇಲೆಯೇ. 'ಆರೋಪಿ'ಯೂ 'ಅಪರಾಧಿ'ಯೂ ಪ್ರಾಸ ಹಿಡಿದು ಬರುವುದರಿಂದ ಅವಸರದ ಓದುಗನಿಗೆ ಎರಡೂ ಒಂದೇ ಆಗಿಬಿಡುತ್ತವೆ.

ಇದಕ್ಕಿಂತ ದೊಡ್ಡ ಸಿಕ್ಕು ವಚನದ್ದು: ಆರೋಪ ಹೊತ್ತ ಒಬ್ಬರಿಗೆ ಏಕವಚನವೋ, ಗೌರವದ ಬಹುವಚನವೋ? ಗೌರವದ ಈ ಪ್ರಶ್ನೆ ಬೇರೆ ಕಡೆಯೂ ಎದ್ದಿದೆ. ಜಪಾನಿ ಭಾಷೆಯಲ್ಲಿ ಹೆಸರಿನ ಕೊನೆಗೆ 'ಸಾನ್'ನಂಥ ಗೌರವದ ಪ್ರತ್ಯಯ ಹಚ್ಚದಿದ್ದರೆ ಒರಟುತನ. ಅಲ್ಲಿನ ಪತ್ರಿಕೆಗಳು ಬಂಧಿತರ ಹೆಸರನ್ನು ಬಹುಕಾಲ ಹಾಗೆ ಬೋಳಾಗಿಯೇ ಅಚ್ಚು ಹಾಕುತ್ತಿದ್ದವು. ತೀರ್ಪಿಗೆ ಮೊದಲೇ ಇದೊಂದು ಶಿಕ್ಷೆ ಎಂಬ ಆಕ್ಷೇಪ ಬಲಿತು, 1989ರಲ್ಲಿ ಪ್ರಮುಖ ಪತ್ರಿಕೆಗಳು ಹೆಸರಿಗೆ 'ಯೋಗಿಶಾ' ಎಂದು ಸೇರಿಸತೊಡಗಿದವು. ಅಪರಾಧದ ಶಂಕೆಗೆ ಗುರಿಯಾದವರು ಎಂದರ್ಥ. (ನಮ್ಮ ಕಿವಿಗೆ ಅದರಲ್ಲಿ ಯೋಗಿ ಕೇಳಿಸಿದರೆ ಅವರ ತಪ್ಪಲ್ಲ.) ಜರ್ಮನ್ ಪತ್ರಿಕೆಗಳಂತೂ ಸಾಮಾನ್ಯವಾಗಿ ಕುಲನಾಮದ ಮೊದಲಕ್ಷರವನ್ನಷ್ಟೇ ಉಳಿಸುತ್ತವೆ: 'ಥಾಮಸ್ ಕೆ.' ಎಂಬಂತೆ.

ಕನ್ನಡದಲ್ಲಿ ಹೆಸರು ಮುಚ್ಚಿಟ್ಟರೂ ಕ್ರಿಯಾಪದ ಬಾಯಿಬಿಡುತ್ತದೆ. ಜೇಬುಗಳ್ಳತನದ ಆರೋಪವಿದ್ದರೆ 'ಎಂಬಾತ ಸಿಕ್ಕಿಬಿದ್ದಿದ್ದಾನೆ'. ಕೋಟಿಗಟ್ಟಲೆ ಹಗರಣದ ಆರೋಪವಿದ್ದರೆ 'ಅವರನ್ನು ಬಂಧಿಸಲಾಗಿದೆ'. ಇಬ್ಬರ ವಿಚಾರಣೆಯೂ ಮುಗಿದಿರುವುದಿಲ್ಲ! 'ಈತ', 'ಈಕೆ' ನಡುವಿನ ದಾರಿ ಎನ್ನುವವರುಂಟು. ಸರ್ವನಾಮವೇನೋ ಮೆತ್ತಗಾಗುತ್ತದೆ, ಕ್ರಿಯಾಪದ ಮಾತ್ರ ಏಕವಚನ ಬಿಡುವುದಿಲ್ಲ. ಎಲ್ಲರಿಗೂ ಬಹುವಚನ ಎಂದರೆ 'ಇರಿದರು ಎನ್ನಲಾಗಿದೆ' ಎಂದು ಬರೆದು, ಇರಿದವರು ಎಷ್ಟು ಮಂದಿ ಎಂದು ಓದುಗ ಎಣಿಸುವಂತಾಗುತ್ತದೆ.

'ಶಂಕಿತ' ಎನ್ನೋಣವೆಂದರೆ ಸಂಸ್ಕೃತದಲ್ಲಿ ಅದಕ್ಕೆ ಶಂಕೆಗೊಂಡವನು, ಅಂಜಿದವನು ಎಂಬ ಅರ್ಥವೂ ಇದೆ. ಮೇಲಾಗಿ 'ಶಂಕಿತ ಉಗ್ರ' ಎಂದು ಬಳಸಿ ಬಳಸಿ ಆ ಪದಕ್ಕೂ ಕಲೆ ಹತ್ತಿದೆ. ಸದ್ಯಕ್ಕೆ 'ಆರೋಪ ಹೊತ್ತವರು' ಎಂದು ಬರೆದಿದ್ದೇನೆ. ಲೇಖನಕ್ಕೆ ಸರಿ, ತಲೆಬರಹಕ್ಕೆ ಉದ್ದವಾಯಿತು.

ಸುದ್ದಿಮನೆಯಲ್ಲಿ ದುಡಿದವರು ತಿಳಿಸಿ: ಯಾರಿಗೆ ಏಕವಚನ, ಯಾರಿಗೆ ಬಹುವಚನ ಎಂಬುದಕ್ಕೆ ಬರೆದಿಟ್ಟ ನಿಯಮ ನಿಮ್ಮಲ್ಲಿತ್ತೇ, ಅಥವಾ ಅದು ಆ ಹೊತ್ತಿನ ಉಪಸಂಪಾದಕರ ಮರ್ಜಿಯೇ? ನ್ಯಾಯಾಲಯ ಖುಲಾಸೆ ಮಾಡಿದ ದಿನ 'ಆತ' ಮತ್ತೆ 'ಅವರು' ಆಗುತ್ತಿದ್ದರೇ?