ಮಳೆಗಾಲದ ಇನ್‌ಕ್ಯುಬೇಟರ್: ಮರಿ ಚಿಪ್ಪಿನೊಳಗೇ ಸಾಯ್ತಾವೆ, ಯಾಕೆ?

ಹೊಳೆಬದಿ (ಕುಮಟಾ):
ಕೋಳಿಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಲಿಕ್ಕೆ ಮನೇಲೇ ಇನ್‌ಕ್ಯುಬೇಟರ್ ಮಾಡಿದೆ: ಮೀನಿನ ಥರ್ಮಾಕೋಲ್ ಪೆಟ್ಟಿಗೆ, 60 ವ್ಯಾಟಿನ ಹಳೇ ನಮೂನೆ ಬಲ್ಬು, ಕಂಪ್ಯೂಟರಿನ 12 ವೋಲ್ಟ್ ಫ್ಯಾನು, ಶಾಖ ನೋಡಿ ಬಲ್ಬು ಹಚ್ಚಿ ಆರಿಸೋ ಡಬ್ಲ್ಯು1209 ಥರ್ಮೋಸ್ಟ್ಯಾಟು. ಶಾಖ 37.5 ಡಿಗ್ರಿಗೆ ನಿಂತಿದೆ. ಮೊದಲ ದಿನದಿಂದ ತಳದಲ್ಲಿ ಬಟ್ಟಲು ನೀರು, ತೇವದ ಮೀಟರು ಶೇ. 70ರ ಹತ್ತಿರ ತೋರಿಸ್ತದೆ. ಮಳೆಗಾಳಿ ನುಗ್ಗಬಾರದು ಅಂತ ಮೇಲಿನ ತೂತುಗಳಿಗೆ ಟೇಪು ಹಚ್ಚಿದೆ. ಊರ ಕೋಳಿ ಮೊಟ್ಟೆ. ಟಾರ್ಚು ಹಿಡಿದರೆ 14ನೇ ದಿನದವರೆಗೂ ಮರಿ ಅಲ್ಲಾಡ್ತದೆ, 20-21ಕ್ಕೆ ಅರ್ಧಕ್ಕರ್ಧ ಚಿಪ್ಪು ಒಡೆಯದೇ ಸಾಯ್ತಾವೆ. ಬಿಡಿಸಿ ನೋಡಿದರೆ ಮೈ ಊದಿಕೊಂಡು ಒದ್ದೆ. ಹುಂಜದ ದೋಷವೋ?

ಗದ್ದೆಅಂಚು (ಅಂಕೋಲಾ):
ಹುಂಜದ ದೋಷವಾದರೆ 7ನೇ ದಿನಕ್ಕೇ ಮೊಟ್ಟೆ ಖಾಲಿ ಕಾಣಬೇಕಿತ್ತು. ಇದು ನೀರಿನ ಕಾಟ ಮಾರಾಯ್ರೆ. 18ನೇ ದಿನದೊಳಗೆ ಮೊಟ್ಟೆಯ ತೂಕ ಶೇ. 11ರಿಂದ 13ರಷ್ಟು ಇಳಿಯಬೇಕು. ಇಳಿದಷ್ಟೂ ಮೊಂಡು ತುದಿಯ ಗಾಳಿಕೋಣೆ ಹಿಗ್ಗುತ್ತದೆ. ಮರಿ ಮೊದಲ ಉಸಿರು ತೆಗೆಯೋದು ಅಲ್ಲಿ. ನಿಮ್ಮದರಲ್ಲಿ ನೀರು ಆರಲೇ ಇಲ್ಲ, ಮರಿಗೆ ತಿರುಗಲಿಕ್ಕೂ ಜಾಗ ಇಲ್ಲ.

ಆಷಾಢದಲ್ಲಿ ನಮ್ಮ ಕರಾವಳಿಯ ಗಾಳಿ 27 ಡಿಗ್ರಿ, ತೇವ ಶೇ. 90 ಅಂತಿಟ್ಟುಕೊಳ್ಳಿ. ಅದೇ ಗಾಳಿ 37.5ಕ್ಕೆ ಕಾದರೆ ತೇವ ತಾನಾಗಿ 50ರ ಆಸುಪಾಸಿಗೆ ಬರ್ತದೆ. 18 ದಿನಕ್ಕೆ ಬೇಕಾದ್ದೂ 45-55. ಹಾಗಾಗಿ ಬಟ್ಟಲು ತೆಗೀರಿ, ಟೇಪು ಕೀಳಿ. ಬೆಳೆದ ಮರಿಗೆ ಗಾಳಿಯೂ ಹೆಚ್ಚು ಬೇಕು. 18ನೇ ದಿನ ಮೊಟ್ಟೆ ತಿರುಗಿಸೋದು ನಿಲ್ಲಿಸಿ, ಆಗ ನೀರಿಟ್ಟು 65-70ಕ್ಕೆ ಏರಿಸಿ.

ಮೀಟರಿಗಿಂತ ತಕ್ಕಡಿ ನಂಬಿ. ಹತ್ತು ಮೊಟ್ಟೆಗೆ ಪೆನ್ಸಿಲಿನಲ್ಲಿ ನಂಬರು ಹಾಕಿ ಒಟ್ಟಿಗೆ ತೂಗಿ. 420 ಗ್ರಾಂ ಇದ್ದದ್ದು 7ನೇ ದಿನ 400, 18ನೇ ದಿನ 370 ಆದರೆ ಸರಿ. ನಡುವೆ ಬಂಜೆ ಮೊಟ್ಟೆ ತೆಗೆದರೆ ಅದರ ಮೊದಲಿನ ತೂಕವನ್ನೂ ಲೆಕ್ಕದಿಂದ ಕಳೀಬೇಕು.

ಘಟ್ಟದಮೇಲೆ (ಶಿರಸಿ):
ಇದನ್ನು ನೋಡಿ ಘಟ್ಟದವರು ಡಿಸೆಂಬರಿನಲ್ಲೂ ನೀರು ತೆಗೆದುಬಿಟ್ಟೀರಿ ಮತ್ತೆ! ಚಳಿಗಾಲದ ರಾತ್ರಿ 15 ಡಿಗ್ರಿಯ ಗಾಳಿ ಎಷ್ಟೇ ಮಂಜು ಹೊತ್ತಿರಲಿ, ಪೆಟ್ಟಿಗೆಯೊಳಗೆ ತೇವ 25ಕ್ಕೆ ಕುಸೀತದೆ. ಅಲ್ಲಿ ಬಟ್ಟಲು ಬೇಕೇ ಬೇಕು. ತೇವ ಜಾಸ್ತಿ ಮಾಡಲಿಕ್ಕೆ ನೀರಿನ ಆಳ ಅಲ್ಲ, ಅಗಲ ಹೆಚ್ಚಿಸಿ.

ಮೀಟರು ಪರೀಕ್ಷೆ ಮಾಡಿ. ಬಾಟ್ಲಿ ಮುಚ್ಚಳದಲ್ಲಿ ಉಪ್ಪಿಗೆ ಹನಿ ನೀರು ಹಾಕಿ ಕೆಸರಿನ ಹದಕ್ಕೆ ತಂದು, ಮೀಟರಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಎಂಟು ತಾಸು ಇಡಿ. 75 ತೋರಿಸಬೇಕು, 80 ಬಂದರೆ ಯಾವಾಗಲೂ ಐದು ಕಳೀರಿ. ಪ್ಯಾಕೆಟಿನ ಬಿಳಿ ಉಪ್ಪೇ ಆಗಬೇಕು. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಸಮುದ್ರದ ಉಪ್ಪು ಅಡುಗೆಗೆ ಚಲೋ, ಈ ಕೆಲಸಕ್ಕಲ್ಲ. ಅದರಲ್ಲಿರೋ ಮೆಗ್ನೀಷಿಯಂ ಅಂಶ ಲೆಕ್ಕ ತಪ್ಪಿಸ್ತದೆ.

ಹೊಳೆಬದಿ:
ಟೇಪು ತೆಗೆದೆ. ಕರೆಂಟು ಮೂರು ತಾಸು ಹೋದರೆ? ಚಿಪ್ಪಿಗೆ ತೂತು ಮಾಡಿ ಸುಮ್ಮನಾದ ಮರಿಯನ್ನು ಬಿಡಿಸಬಹುದಾ?

ಶರಾವತಿ ದಡ (ಹೊನ್ನಾವರ):
ತಣ್ಣಗಾದ ಮೊಟ್ಟೆ ಸುಧಾರಿಸ್ತದೆ, 40 ಡಿಗ್ರಿ ದಾಟಿ ಬೆಂದದ್ದು ಸುಧಾರಿಸೋದಿಲ್ಲ. ಕರೆಂಟು ಹೋದರೆ ಮುಚ್ಚಳ ತೆಗೀಬೇಡಿ, ಮೇಲೆ ಕಂಬಳಿ ಹೊದಿಸಿ. ಕೊನೇ ವಾರದಲ್ಲಿ ಮರಿಗಳೇ ಶಾಖ ಕೊಡ್ತಾವೆ, ಆಗ ತೂತುಗಳು ಕಂಬಳಿಯಡಿ ಮುಚ್ಚಿಹೋಗಬಾರದು. ಫ್ಯಾನು ಸಣ್ಣ 12 ವೋಲ್ಟ್ ಬ್ಯಾಟರಿಯಲ್ಲಿ ಓಡಲಿ.

ಮರಿ ಚಿಪ್ಪಿಗೆ ತೂತು ಮಾಡಿದ ಮೇಲೆ 24 ತಾಸಿನವರೆಗೆ ಮುಟ್ಟಬೇಡಿ. ಆಗ ಮರಿ ಚಿಪ್ಪಿನ ಒಳಪೊರೆಯ ರಕ್ತ ಎಳೆದುಕೊಳ್ತಾ, ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಸೇರಿಸ್ತಾ ಇರ್ತದೆ. ಅವಸರಪಟ್ಟು ಬಿಡಿಸಿದರೆ ರಕ್ತ ಸೋರ್ತದೆ, ಹೊಕ್ಕುಳ ತೆರೆದೇ ಉಳೀತದೆ. ಒಂದು ಮರಿಗಾಗಿ ಮುಚ್ಚಳ ತೆಗೆದರೆ ಉಳಿದವುಗಳ ಪೊರೆ ಒಣಗಿ ಮೈಗೆ ಅಂಟ್ತದೆ.

ಹುಟ್ಟಿದ ಮರಿ ತುಪ್ಪಳ ಒಣಗೋವರೆಗೆ ಒಳಗೇ ಇರಲಿ. ಆಮೇಲೆ ಬಲ್ಬು ಹಾಕಿದ ಬೇರೆ ಪೆಟ್ಟಿಗೆಯಲ್ಲಿ ಮೊದಲ ವಾರ 33-35 ಡಿಗ್ರಿ, ವಾರಕ್ಕೆ ಮೂರು ಡಿಗ್ರಿ ಇಳಿಸ್ತಾ ಹೋಗಿ. ಬಲ್ಬಿನಡಿ ಒತ್ತಾಗಿ ಕೂತರೆ ಚಳಿ, ಗೋಡೆಗಂಟಿ ಬಾಯಿ ತೆರೆದರೆ ಸೆಕೆ. ನುಣುಪು ಪೇಪರು ಹಾಸಬೇಡಿ, ಕಾಲು ಜಾರಿ ಅಗಲವಾದರೆ ಕಷ್ಟ. ಗೋಣಿ ಹಾಸಿ, ಎರಡು ಮೂರು ದಿನದ ಮೇಲೆ ಭತ್ತದ ಹೊಟ್ಟು. ಈ ಮಳೆಗೆ ಹೊಟ್ಟು ಗಂಟುಕಟ್ಟಿದ ದಿನವೇ ಬದಲಿಸಿ, ಇಲ್ಲಾಂದ್ರೆ ಮೂರನೇ ವಾರದ ಹೊತ್ತಿಗೆ ರಕ್ತಭೇದಿ. ಕೊಕ್ಕರೆ ರೋಗದ (ರಾಣಿಖೇತ್) ಎಫ್1 ಅಥವಾ ಲಸೋಟಾ ಲಸಿಕೆ 5-7ನೇ ದಿನ, ಕಣ್ಣಿಗೆ ಒಂದು ಹನಿ. ಲಸಿಕೆಯನ್ನು ಐಸಿನಲ್ಲಿಟ್ಟೇ ತನ್ನಿ.