ದೀಪ ಹಿಡಿದ ಹೆಂಗಸಿನ ಮುಖದಲ್ಲಿ ಇರುವುದು ಬೇಸರವಾ?

ಪ್ರಶ್ನೆ (ಬದಿಯಡ್ಕದಿಂದ):
ಮಾಷ್ಟ್ರೇ, ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದು ನಿಂತ ಹೆಂಗಸಿನ ಚಿತ್ರ ಇದೆಯಲ್ಲ, ಅದರ ಪ್ರಿಂಟ್ ನಮ್ಮ ಅಜ್ಜನ ಮನೆಯ ಚಾವಡಿಯಲ್ಲಿದೆ. ರವಿವರ್ಮನದ್ದು ಅಂತಲೇ ಎಲ್ಲರೂ ಹೇಳುತ್ತಾರೆ. ನನಗೆ ಆ ಮುಖ ಬೇಸರದಲ್ಲಿರುವ ಹಾಗೆ ಕಾಣುತ್ತದೆ. ಅಕ್ಕ ಅಲ್ಲ ಅನ್ನುತ್ತಾಳೆ. ಅದನ್ನು ನೋಡಿ ವಾಟರ್ ಕಲರಿನಲ್ಲಿ ಬಿಡಿಸಲು ಹೊರಟೆ. ಬೆಳಕಿಗೆ ಬಿಳಿ ಬಣ್ಣ ಹಾಕಿದರೆ ಸುಣ್ಣ ಬಳಿದ ಹಾಗೆ ಆಗುತ್ತದೆ. ಎಲ್ಲಿ ತಪ್ಪಿದ್ದು?

ಉತ್ತರ (ಚಿತ್ರಕಲಾ ಶಿಕ್ಷಕ, ನೀರ್ಚಾಲು):
ಮೊದಲು ಹೆಸರು ಸರಿಮಾಡೋಣ. ಅದು ಎಸ್. ಎಲ್. ಹಳದಣಕರ್ ಅವರ ‘ಗ್ಲೋ ಆಫ್ ಹೋಪ್’. ಅವರು ಮಹಾರಾಷ್ಟ್ರದ ಸಾವಂತವಾಡಿಯವರು. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಈ ಚಿತ್ರ ಬಂದದ್ದು 1940ರ ದಶಕದಲ್ಲಿ. ದೀಪ ಹಿಡಿದು ನಿಂತದ್ದು ಹಳದಣಕರ್ ಅವರ ಮಗಳೇ.

ಈಗ ಬೇಸರದ ಮಾತಿಗೆ ಬರೋಣ. ಮುಖ ಸ್ವಲ್ಪ ಬಿಟ್ಟು ಆ ಕೈ ನೋಡಿ. ಗಾಳಿಗೆ ದೀಪ ಆರದ ಹಾಗೆ ಅಡ್ಡ ಹಿಡಿದ ಕೈ. ಮುಸ್ಸಂಜೆ ತುಳಸಿಕಟ್ಟೆಗೆ ದೀಪ ಕೊಂಡುಹೋಗುವಾಗ ನನ್ನ ಅಮ್ಮ ಹೀಗೇ ಹಿಡಿಯುತ್ತಿದ್ದರು. ಆಗ ಮಾತಾಡಿಸಿದರೆ ಉತ್ತರವೇ ಬರುತ್ತಿರಲಿಲ್ಲ. ಜೀವವೆಲ್ಲ ಆ ದೀಪದ ಮೇಲೆ. ಈ ಮುಖದಲ್ಲಿ ನನಗೆ ಕಾಣುವುದು ಅದೇ ಜಾಗ್ರತೆ. ನಿಮ್ಮ ಅಕ್ಕ ಹೇಳಿದ್ದು ಸರಿ ಅನ್ನಿಸುತ್ತದೆ.

ಇನ್ನು ಬೆಳಕು. ಆ ಚಿತ್ರವೂ ವಾಟರ್ ಕಲರೇ. ವಾಟರ್ ಕಲರಿನಲ್ಲಿ ಬೆಳಕಿಗೆ ಪೇಪರಿನ ಬಿಳಿಯನ್ನೇ ಉಳಿಸಿಕೊಳ್ಳಬೇಕು. ಒಮ್ಮೆ ಕಪ್ಪು ತಾಗಿದರೆ ಮತ್ತೆ ಆ ಹೊಳಪು ಬರುವುದಿಲ್ಲ. ಪೇಪರ್ ಒದ್ದೆ ಮಾಡಿ, ದೀಪದ ಸುತ್ತ ತೆಳ್ಳಗೆ ಹಳದಿ ಹರಿಯಲು ಬಿಡಿ. ಒಣಗಿದ ಮೇಲೆ ಕೇಸರಿ, ಆಮೇಲೆ ಕಂದು. ಕತ್ತಲೆ ಕಟ್ಟಕಡೆಗೆ. ಸುತ್ತ ಕತ್ತಲೆ ಜಾಸ್ತಿಯಾದಷ್ಟೂ ಆ ಬಿಳಿ ತಾನಾಗಿಯೇ ಉರಿಯುತ್ತದೆ.

ಇನ್ನೊಬ್ಬರು (ಕುಂಬಳೆಯಿಂದ):
ಕೆಳಗಿನಿಂದ ಬೆಳಕು ಬಿದ್ದರೆ ಮುಖ ನೋಡಿ ಹೆದರಿಕೆ ಆಗುತ್ತದೆ ಅಲ್ವಾ? ಇಲ್ಲಿ ಯಾಕೆ ಹಾಗಾಗಿಲ್ಲ?

ಉತ್ತರ:
ಒಳ್ಳೆಯ ಪ್ರಶ್ನೆ. ದೀಪದ ಕುಡಿ ನಮಗೆ ಕಾಣುವುದೇ ಇಲ್ಲ, ಕೈಯ ಮರೆಯಲ್ಲಿದೆ. ನಮ್ಮ ಕಣ್ಣಿಗೆ ತಾಗುವುದು ಬೆರಳು ದಾಟಿ ಬಂದ ಕೆಂಪು. ಕೆನ್ನೆಯಲ್ಲಿ ಬೆಳಕು ಎಲ್ಲಿ ಮುಗಿದು ನೆರಳು ಎಲ್ಲಿ ಶುರುವಾಯಿತು ಅಂತ ಗೆರೆ ಹುಡುಕಿ, ಸಿಗುವುದಿಲ್ಲ. ಅಲ್ಲಿ ಗೆರೆ ಬಿದ್ದಿದ್ದರೆ ನೀವು ಹೇಳಿದ ಹೆದರಿಕೆಯೇ ಬರುತ್ತಿತ್ತು.

ಕರೆಂಟ್ ಹೋದಾಗ ಚಿಮಿಣಿ ದೀಪಕ್ಕೆ ಕೈ ಅಡ್ಡ ಹಿಡಿದು ನೋಡಿ. ಬೆರಳಿನ ಅಂಚು ಕೆಂಪು, ನಡು ಕಪ್ಪು. ಎರಡು ಬೆರಳು ಸೇರುವಲ್ಲಿ ಕೆಂಪು ಇನ್ನೂ ಜಾಸ್ತಿ.

ಬದಿಯಡ್ಕದವರೇ, ಸದ್ಯ ಮುಖ ಬೇಡ. ಕೈ ಒಂದೇ ಬಿಡಿಸಿ ಇಲ್ಲಿ ಹಾಕಿ. ಮಳೆಗಾಲ ಅಲ್ವಾ, ಪೇಪರ್ ಬೇಗ ಒಣಗುವುದಿಲ್ಲ. ಹಿಂಗೈಯಿಂದ ಮುಟ್ಟಿ ನೋಡಿ, ತಣ್ಣಗೆ ಇದ್ದರೆ ಎರಡನೇ ಬಣ್ಣಕ್ಕೆ ಕೈ ಹಾಕಬೇಡಿ.