ಇಡೀ ರಾತ್ರಿ ಆಟದ ವಿಡಿಯೊ: ಯಾವ ಫಾರ್ಮ್ಯಾಟ್‌ನಲ್ಲಿ ಇಳಿಸಿಕೊಳ್ಳೋದು?

ಕುಂದಾಪ್ರ_ಹುಡುಗ:
ನಮ್ಮ ಮನೆಯ ಹರಕೆ ಯಕ್ಷಗಾನ ಬಯಲಾಟವನ್ನು ದೊಡ್ಡಪ್ಪನ ಮಗ ರೆಕಾರ್ಡ್ ಮಾಡಿ ತನ್ನ ಯೂಟ್ಯೂಬ್ ಚಾನೆಲ್‌ಗೆ ಹಾಕಿದ್ದಾನೆ. ಎಂಟು ಗಂಟೆ, ಒಂದೇ ವಿಡಿಯೊ. ಊರಲ್ಲಿ ನೆಟ್ ಸರಿಯಿಲ್ಲ. ಅಪ್ಪನಿಗೆ ಪೆನ್‌ಡ್ರೈವ್‌ನಲ್ಲಿ ಹಾಕಿ ಟಿವಿಯಲ್ಲಿ ತೋರಿಸಬೇಕು. ಇಳಿಸಿಕೊಳ್ಳೋಕೆ ಅಣ್ಣನ ಒಪ್ಪಿಗೆ ಇದೆ. ವೈಟಿ-ಡಿಎಲ್‌ಪಿಯಲ್ಲಿ (ಯೂಟ್ಯೂಬ್ ವಿಡಿಯೊ ಇಳಿಸೋ ಪ್ರೋಗ್ರಾಂ) ಫಾರ್ಮ್ಯಾಟ್ ಪಟ್ಟಿ ತೆಗೆದರೆ ಪರದೆ ತುಂಬ ಸಾಲು. 137, 248, 399 ನಂಬರಿನವು ಮೂರೂ 1080ಪಿ ಅಂತಿದೆ. ಸೌಂಡಿಗೆ 140 ಮತ್ತು 251. 'ಬೆಸ್ಟ್' ಅಂತ ಕೊಟ್ಟರೆ 360ಪಿ ಬಂತು. ಇನ್ನೊಂದು ವಿಷಯ: 32 ಜಿಬಿ ಪೆನ್‌ಡ್ರೈವ್ ಪೂರ್ತಿ ಖಾಲಿ ಇದ್ದರೂ ಫೈಲ್ ದೊಡ್ಡದಾಯ್ತು ಅಂತ ಕಾಪಿ ಆಗ್ತಿಲ್ಲ. ಯಾವುದನ್ನು ಆರಿಸಲಿ?

ಬಸ್ಯಾ_ಧಾರವಾಡ:
ಸರಳ ಐತ್ರಿ. ಮೂರೂ 1080 ಅಂದ ಮೇಲೆ ಸೈಜ್ ಯಾವುದು ಜಾಸ್ತಿ ಇದೆಯೋ ಅದನ್ನು ತಗೊಳ್ಳಿ. ನಿಮ್ಮ ಪಟ್ಟಿಯಲ್ಲಿ 137 ದೊಡ್ಡದಿರುತ್ತೆ. ಡೇಟಾ ಜಾಸ್ತಿ ಇದ್ದಲ್ಲಿ ಚಿತ್ರ ಚಲೋ ಇರುತ್ತೆ. ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳೋದು ಬೇಡ.

ಲಿನಕ್ಸ್_ಗಿರಿ:
"ಡೇಟಾ ಜಾಸ್ತಿ ಇದ್ದಲ್ಲಿ ಚಿತ್ರ ಚಲೋ" ಅನ್ನೋದು ಒಂದೇ ಕೋಡೆಕ್‌ನ (ಚಿತ್ರ, ಸೌಂಡ್ ಕುಗ್ಗಿಸಿಡುವ ವಿಧಾನ) ಎರಡು ಫೈಲ್ ಹೋಲಿಸುವಾಗ ಮಾತ್ರ ನಿಲ್ಲುವ ಮಾತು. 137 ಅಂದರೆ ಎಚ್.264, 2003ರ ತಂತ್ರ. 248 ವಿಪಿ9, 2013ರದ್ದು. 399 ಎವಿ1, 2018ರಲ್ಲಿ ಬಂದಿದ್ದು. ಅದೇ ಚಿತ್ರವನ್ನು ಹೊಸ ಕೋಡೆಕ್ ಕಡಿಮೆ ಜಾಗದಲ್ಲಿ ಹಿಡಿಸುತ್ತೆ. ಸೈಜ್ ನೋಡಿ ಆರಿಸೋದು ತಪ್ಪು ಲೆಕ್ಕ.

ಇನ್ನು 'ಬೆಸ್ಟ್' ವಿಚಾರ. ಆ ಪದ ಕೊಟ್ಟರೆ ಚಿತ್ರ ಮತ್ತು ಸೌಂಡ್ ಎರಡೂ ಒಂದೇ ಫೈಲಿನಲ್ಲಿರುವ ಫಾರ್ಮ್ಯಾಟ್‌ಗಳಲ್ಲಿ ಒಳ್ಳೆಯದನ್ನು ಹುಡುಕುತ್ತೆ. ಮೊದಲು ಅಲ್ಲಿ 22 ಅಂತ 720ಪಿ ಇತ್ತು. 2024ರಲ್ಲಿ ಅದು ಹೋಯ್ತು. ಉಳಿದಿದ್ದು 18, ಅದು 360ಪಿ. ಏನೂ ಕೊಡದೆ ಸುಮ್ನೆ ಲಿಂಕ್ ಹಾಕಿ. ಚಿತ್ರ ಬೇರೆ, ಸೌಂಡ್ ಬೇರೆ ಇಳಿಸಿ ಅದೇ ಜೋಡಿಸುತ್ತೆ. ಜೋಡಿಸೋ ಕೆಲಸ ಮಾಡುವ ಎಫ್‌ಎಫ್‌ಎಂಪೆಗ್ ಪ್ರೋಗ್ರಾಂ ಮಾತ್ರ ಮೊದಲೇ ಹಾಕಿರಬೇಕು.

ಬಸ್ಯಾ_ಧಾರವಾಡ:
"ಕಡಿಮೆ ಜಾಗದಲ್ಲಿ ಹಿಡಿಸುತ್ತೆ" ಅಂತೀರಿ. ಹಿಡಿಸೋಕೆ ಏನು ಬಿಟ್ಟಿತು ಅಂತ ಹೇಳ್ರಿ ಸರ. ನನ್ನ ಮಾನಿಟರ್‌ನಲ್ಲಿ ಎವಿ1 ಫೈಲಿನಲ್ಲಿ ಮುಖದ ಮೇಲಿನ ಸಣ್ಣ ಸಣ್ಣ ಗೆರೆ ಎಲ್ಲ ನುಣ್ಣಗಾಗಿ ಹೋಗಿದ್ದು ಕಣ್ಣಾರೆ ಕಂಡಿದೆ. ವರ್ಷ ಹೇಳಿದ ಮಾತ್ರಕ್ಕೆ ಗುಣಮಟ್ಟ ಬರಲ್ಲ.

ಹಳೇ_ಕ್ಯಾಸೆಟ್:
ಚಿತ್ರದ ಬಗ್ಗೆ ಇಷ್ಟು ಜಗಳ ಯಾಕೆ ಸ್ವಾಮಿ? ಯಕ್ಷಗಾನಕ್ಕೆ ಸೌಂಡೇ ಜೀವ. ಆಡಿಯೊವನ್ನು ಸೆಕೆಂಡಿಗೆ 320 ಕಿಲೋಬಿಟ್‌ನ ಎಂಪಿ3ಗೆ ಪರಿವರ್ತಿಸಿಕೊಳ್ಳಿ. ಟಿವಿ, ಕಾರು, ಹಳೇ ಹೋಮ್ ಥಿಯೇಟರ್, ಎಲ್ಲ ಕಡೆ ಓಡುತ್ತೆ. ಯೂಟ್ಯೂಬ್‌ನ 128ಕ್ಕಿಂತ 320 ಎಷ್ಟೋ ಮೇಲು.

ಚೆಂಡೆ_ಪ್ರೇಮಿ:
"128ಕ್ಕಿಂತ 320 ಮೇಲು" ಅಂದ್ರಾ ಮಾರಾಯ್ರೆ! ಅರ್ಧ ಲೀಟರ್ ಹಾಲನ್ನು ಕೊಳಗಕ್ಕೆ ಸುರಿದರೆ ಅದು ಕೊಳಗ ಹಾಲು ಆಗ್ತದಾ? 128ರ ಎಎಸಿಯಲ್ಲಿ (140ರ ಸೌಂಡ್ ಕೋಡೆಕ್) ಒಮ್ಮೆ ಹೋದದ್ದು ಹೋಯ್ತು. ಎಂಪಿ3 ಮಾಡುವಾಗ ಮತ್ತೊಮ್ಮೆ ಕಳೆಯುತ್ತದೆ, ಕೂಡಿಸುವುದಿಲ್ಲ. ಲೆಕ್ಕ ಹಾಕಿ. ಎಂಟು ಗಂಟೆಗೆ 128ರಲ್ಲಿ ಸುಮಾರು 460 ಎಂಬಿ. ಅದನ್ನೇ 320 ಮಾಡಿದರೆ 1150 ಎಂಬಿ. 690 ಎಂಬಿ ಜಾಗ ದಂಡ.

ಹಳೇ_ಕ್ಯಾಸೆಟ್:
"ಜಾಗ ದಂಡ" ಅಂತೀರಲ್ಲ, 32 ಜಿಬಿ ಡ್ರೈವ್‌ನಲ್ಲಿ 690 ಎಂಬಿ ಒಂದು ಲೆಕ್ಕವಾ? ನಾನು ಕಾರಿನಲ್ಲಿ ಎರಡನ್ನೂ ಹಾಕಿ ಕೇಳಿದವನು. 320ರಲ್ಲಿ ಮದ್ದಳೆಯ ಪೆಟ್ಟು ತುಂಬಿಕೊಂಡು ಬರುತ್ತೆ. ಕಿವಿ ಇದ್ದವರಿಗೆ ಗೊತ್ತಾಗುತ್ತೆ.

ಚೆಂಡೆ_ಪ್ರೇಮಿ:
"ಕಿವಿ ಇದ್ದವರಿಗೆ" ಅನ್ನುವ ಮಾತು ಬೇಡ. ನಾನು ಮದ್ದಳೆ ಕಲಿತವಳು, ನನಗೂ ಕಿವಿ ಉಂಟು. 140ನ್ನು ಸ್ಪೆಕ್ಟ್ರಮ್ (ಯಾವ ಕಂಪನದಲ್ಲಿ ಎಷ್ಟು ಸೌಂಡ್ ಇದೆ ಅನ್ನುವ ಚಿತ್ರ) ತೋರಿಸುವ ಯಾವುದಾದರೂ ಸಾಫ್ಟ್‌ವೇರ್‌ನಲ್ಲಿ ತೆರೆದು ನೋಡಿ. 16 ಕಿಲೋಹರ್ಟ್ಸ್ ಹತ್ತಿರ ಕತ್ತಿಯಲ್ಲಿ ಕೊಯ್ದ ಹಾಗೆ ನಿಲ್ಲುತ್ತದೆ, ಮೇಲೆ ಬರೀ ಕಪ್ಪು. ಅದನ್ನೇ 320 ಎಂಪಿ3 ಮಾಡಿ ತೆರೆಯಿರಿ. ಗೆರೆ ಅಲ್ಲೇ ಇರುತ್ತದೆ. 251ರಲ್ಲಿ ಓಪಸ್ ಅನ್ನುವ ಸೌಂಡ್ ಕೋಡೆಕ್ ಇದೆ, ಅದು 20ರವರೆಗೆ ಹೋಗುತ್ತದೆ. ಭಾಗವತರ ತಾಳದ ಕಿಣಿಕಿಣಿ ಸ್ವಲ್ಪ ಆ ಮೇಲಿನ ಭಾಗದಲ್ಲೂ ಇರುತ್ತದೆ.

ಹಳೇ_ಕ್ಯಾಸೆಟ್:
"16 ಕಿಲೋಹರ್ಟ್ಸ್" ಮೇಲಿನದ್ದು ವಯಸ್ಸಾದವರಿಗೆ ಕೇಳಿಸೋದೇ ಇಲ್ಲ. ಇದು ಡಾಕ್ಟರನ್ನು ಕೇಳಿದರೂ ಹೇಳ್ತಾರೆ. ಈ ಹುಡುಗ ತೋರಿಸಬೇಕಿರೋದು ಅಪ್ಪನಿಗೆ. ಹಾಗಾದ್ರೆ ನಿಮ್ಮ 251ರಿಂದ ಅವರಿಗೆ ಏನು ಲಾಭ?

ಲಿನಕ್ಸ್_ಗಿರಿ:
"ಕೇಳಿಸೋದೇ ಇಲ್ಲ" ಅಂತ ನೀವೇ ಹೇಳಿದ ಮೇಲೆ 320 ಯಾಕೆ ಬೇಕು ಸಾರ್? ನಿಮ್ಮ ವಾದವೇ ನಿಮ್ಮ ಎಂಪಿ3ಯನ್ನು ಮುಗಿಸ್ತು.

ಹಳೇ_ಕ್ಯಾಸೆಟ್:
ನನ್ನ ವಾದ ಮುಗಿದಿಲ್ಲ, ನೀವು ಅರ್ಧ ಓದಿದ್ದೀರಿ. ಎಲ್ಲ ಕಡೆ ಓಡುತ್ತೆ ಅಂತ ಮೊದಲೇ ಬರೆದಿದ್ದೇನೆ. ಓಪಸ್ ಹಾಕಿದ ಫೈಲನ್ನು ನನ್ನ ಕಾರು ತೋರಿಸೋದೇ ಇಲ್ಲ. ಓಡದ ಫೈಲಿನಲ್ಲಿ 20 ಇದ್ದರೇನು, 40 ಇದ್ದರೇನು?

ಚೆಂಡೆ_ಪ್ರೇಮಿ:
"ನನ್ನ ಕಾರು" ಅಂತೀರಿ. ಇಲ್ಲಿ ಕೇಳಿದ್ದು ಟಿವಿ ಬಗ್ಗೆ. ಓಡುವುದೇ ಮುಖ್ಯವಾದರೆ 140 ಹಾಗೇ ಎಂಪಿ4ನಲ್ಲಿ ಓಡುತ್ತದೆ, ಪರಿವರ್ತನೆಯೇ ಬೇಡ. 320 ಅಂತ ಹೆಸರು ಹಾಕಿ ಜನರಿಗೆ ಸುಳ್ಳು ಸಮಾಧಾನ ಕೊಡುವುದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ತೀರಿಹೋದ ಎಷ್ಟೋ ಭಾಗವತರ ಪದಗಳು ಹೀಗೆ ಕೈಯಿಂದ ಕೈಗೆ ಮತ್ತೆ ಮತ್ತೆ ಎಂಪಿ3 ಆಗಿ ಹಾಳಾಗಿವೆ. ಮೂಲ ಯಾವುದು ಅಂತ ಈಗ ಯಾರಿಗೂ ಗೊತ್ತಿಲ್ಲ. ಮೊದಲು ಇಳಿಸಿಕೊಂಡವರು ಇದ್ದ ಹಾಗೇ ಇಟ್ಟಿದ್ದರೆ ಇವತ್ತು ಕೇಳುವ ಹಾಗಿರುತ್ತಿತ್ತು.

ಹಳೇ_ಕ್ಯಾಸೆಟ್:
"ಹಾಳಾಗಿವೆ" ಅಂತ ನನ್ನ ಮೇಲೆ ಹಾಕಬೇಡಿ ಮೇಡಂ. ಆ ಪದಗಳು ಇವತ್ತಿಗೂ ಉಳಿದಿದ್ದರೆ ಅದು ನಮ್ಮಂಥವರು ಕ್ಯಾಸೆಟ್‌ನಿಂದ ಎಂಪಿ3 ಮಾಡಿ ಹಂಚಿದ್ದರಿಂದ. ಆಗ ನಿಮ್ಮ ಓಪಸ್ ಎಲ್ಲಿತ್ತು? ಅದು ಬಂದಿದ್ದೇ 2012ರಲ್ಲಿ.

ಮಲೆನಾಡ_ಅಕ್ಕ:
ಕೇಳಿದ ಹುಡುಗನಿಗೆ ಯಾರೂ ಉತ್ತರ ಕೊಡ್ತಾ ಇಲ್ಲ. ತಮ್ಮಾ, ಪೆನ್‌ಡ್ರೈವ್ ಎಫ್‌ಎಟಿ32ನಲ್ಲಿ (ಡ್ರೈವ್‌ನಲ್ಲಿ ಫೈಲ್ ಜೋಡಿಸಿಡುವ ಹಳೇ ವ್ಯವಸ್ಥೆ) ಫಾರ್ಮ್ಯಾಟ್ ಆಗಿರುತ್ತೆ. ಅದರಲ್ಲಿ ಒಂದೊಂದು ಫೈಲೂ 4 ಜಿಬಿಗಿಂತ ಕಡಿಮೆ ಇರಬೇಕು. ಎಷ್ಟು ಖಾಲಿ ಇದ್ದರೂ ಅಷ್ಟೇ. ಎಕ್ಸ್‌ಫ್ಯಾಟ್ ಮಾಡಿದರೆ ಹಿಡಿಯುತ್ತೆ, ಆದ್ರೆ ಹಳೇ ಟಿವಿ ಅದನ್ನು ಓದದೇ ಇರಬಹುದು. ಹಾಗಾದಲ್ಲಿ ಎಫ್‌ಎಫ್‌ಎಂಪೆಗ್‌ನ 'ಕಾಪಿ' ಆಯ್ಕೆ ಕೊಟ್ಟು ಫೈಲನ್ನು ಎರಡು ಮೂರು ತುಂಡು ಮಾಡು. ಪುನಃ ಎನ್‌ಕೋಡ್ ಆಗಲ್ಲ, ಗುಣಮಟ್ಟ ಒಂದಿಷ್ಟೂ ಕಡಿಮೆಯಾಗಲ್ಲ.

ಟಿವಿಗೆ 137 ಮತ್ತು 140 ಸೇರಿಸಿ ಎಂಪಿ4 ಮಾಡು. ಎಚ್.264 ಮತ್ತು ಎಎಸಿ ಓದದ ಟಿವಿ ಸಿಗೋದು ಕಷ್ಟ. ಎವಿ1 ಹಳೇ ಸೆಟ್‌ಗಳಲ್ಲಿ ಓಡಲ್ಲ.

ಇನ್ನೂ ಒಂದು. ಚಾನೆಲ್ ನಿಮ್ಮ ಅಣ್ಣನದೇ ಅಲ್ವಾ? ಕ್ಯಾಮೆರಾ ಫೈಲ್ ಅವರ ಹತ್ತಿರ ಇದ್ದರೆ ಅದೇ ಬೇಕು. ಇಲ್ಲದಿದ್ದರೆ ಅವರು ಗೂಗಲ್ ಟೇಕ್‌ಔಟ್‌ನಲ್ಲಿ (ತಮ್ಮ ಖಾತೆಯಲ್ಲಿರೋದನ್ನು ವಾಪಸ್ ಇಳಿಸಿಕೊಳ್ಳೋ ಸೇವೆ) ಕೇಳಲಿ. ಅಪ್‌ಲೋಡ್ ಮಾಡಿದ ಮೂಲ ಫಾರ್ಮ್ಯಾಟೇ ಸಿಗಬಹುದು, ಇಲ್ಲವಾದರೆ ಎಂಪಿ4. ಯೂಟ್ಯೂಬ್ ಸ್ಟುಡಿಯೊದ ಡೌನ್‌ಲೋಡ್ ಒತ್ತಬೇಡಿ, ಅಲ್ಲಿ 720 ಇಲ್ಲಾ 360 ಮಾತ್ರ ಕೊಡ್ತಾರೆ.

ಬಸ್ಯಾ_ಧಾರವಾಡ:
"137 ಮತ್ತು 140". ನೋಡ್ರಿ, ಅಕ್ಕಾರೂ 137 ಅಂದ್ರು. ನಾನು ಮೊದಲೇ ಹೇಳಿದ್ದು ಅದನ್ನೇ.

ಲಿನಕ್ಸ್_ಗಿರಿ:
ಅವರು ಹೇಳಿದ್ದು ಟಿವಿಗೆ ಓಡುತ್ತೆ ಅಂತ, ಚಿತ್ರ ಚಲೋ ಅಂತ ಅಲ್ಲ. ಕಾರಣ ಬೇರೆ. ಅಣ್ಣ 4ಕೆಯಲ್ಲಿ ಹಾಕಿದ್ದರೆ ಏನು ಮಾಡ್ತೀರಿ? ಎಚ್.264 ಅಲ್ಲಿ 1080ಕ್ಕೇ ನಿಲ್ಲುತ್ತೆ. ಮೇಲಿನದ್ದೆಲ್ಲ ವಿಪಿ9 ಇಲ್ಲಾ ಎವಿ1. ಟಿವಿ ಅದನ್ನು ಓದುವಂಥದ್ದಾದರೆ, 1080ರ ಪರದೆಯಲ್ಲೂ 4ಕೆ ಫೈಲ್ ಚೆನ್ನಾಗಿ ಕಾಣುತ್ತೆ. ಬಣ್ಣದ ವೇಷದ ಕೆಂಪನ್ನು ಹತ್ತಿರದಿಂದ ನೋಡಿ. ಈ ವಿಡಿಯೊಗಳಲ್ಲಿ ಬಣ್ಣದ ಮಾಹಿತಿ ಅಗಲದಲ್ಲೂ ಎತ್ತರದಲ್ಲೂ ಅರ್ಧಕ್ಕೆ ಇಳಿದಿರುತ್ತೆ. 1080ರಲ್ಲಿ ಬಣ್ಣಕ್ಕೆ ಸಿಗೋದು 960 ಬೈ 540 ಮಾತ್ರ. ಒಡ್ಡೋಲಗದಲ್ಲಿ ವೇಷಧಾರಿ ಗಿರಕಿ ಹೊಡೆದಾಗ ಕೆಂಪು ಅಂಚು ಕಪ್ಪಿಗೆ ಹರಡಿಕೊಂಡ ಹಾಗೆ ಕಾಣೋದಕ್ಕೆ ಇದೂ ಒಂದು ಕಾರಣ. 4ಕೆಯಲ್ಲಿ ಅದೇ ಬಣ್ಣ 1920 ಬೈ 1080 ಪೂರ್ತಿ ಸಿಗುತ್ತೆ.

ಬಸ್ಯಾ_ಧಾರವಾಡ:
"4ಕೆ ಫೈಲ್ ಚೆನ್ನಾಗಿ ಕಾಣುತ್ತೆ". ಅಂದ್ರೆ ಡೇಟಾ ಜಾಸ್ತಿ ಇದ್ದಿದ್ದು ಚಲೋ ಅಂತ ಆಯ್ತಲ್ರಿ! ಅದನ್ನೇ ನಾ ಹೇಳಿದ್ದು.

ಕುಂದಾಪ್ರ_ಹುಡುಗ:
ಅಣ್ಣ ಹಾಕಿದ್ದು 1080ರಲ್ಲೇ. ಕ್ಯಾಮೆರಾ ಕಾರ್ಡ್ ಅಳಿಸಿಯಾಗಿದೆಯಂತೆ. ಟೇಕ್‌ಔಟ್ ಕೇಳಿಕೊಂಡಿದ್ದಾನೆ, ಬರೋಕೆ ಹೊತ್ತಾಗ್ತದಂತೆ. ಅಲ್ಲಿಯವರೆಗೆ 137 ಮತ್ತು 251 ಸೇರಿಸಿ ಎಂಪಿ4 ಮಾಡಿ, ತುಂಡು ಮಾಡಿ ಹಾಕಿದೆ. ಟಿವಿಯಲ್ಲಿ ಚಿತ್ರ ಬಂತು, ಸೌಂಡ್ ಬರಲಿಲ್ಲ.

ಹಳೇ_ಕ್ಯಾಸೆಟ್:
"ಸೌಂಡ್ ಬರಲಿಲ್ಲ". ಎಲ್ಲರೂ ಓದಿಕೊಳ್ಳಿ. ಎಂಪಿ3 ಮಾಡಿದ್ದರೆ ಬರುತ್ತಿತ್ತು.

ಮಲೆನಾಡ_ಅಕ್ಕ:
251ರ ಬದಲು 140 ಸೇರಿಸು ತಮ್ಮಾ. ಆ ಟಿವಿ ಓಪಸ್ ಓದ್ತಾ ಇಲ್ಲ. ಚಿತ್ರವನ್ನು ಮತ್ತೆ ಇಳಿಸೋದು ಬೇಡ, ಸೌಂಡ್ ಮಾತ್ರ ಇಳಿಸಿ ಜೋಡಿಸಿದರೆ ಸಾಕು. 251ನ್ನು ಅಳಿಸಬೇಡ, ಕಂಪ್ಯೂಟರ್‌ನಲ್ಲಿ ಹಾಗೇ ಇಟ್ಟಿರು.

ಚೆಂಡೆ_ಪ್ರೇಮಿ:
"ಎಂಪಿ3 ಮಾಡಿದ್ದರೆ" ಅಂತ ಇನ್ನೂ ಹೇಳ್ತಿದ್ದೀರಿ. ಅಕ್ಕ ಹೇಳಿದ್ದು 140 ಅಂತ. ಎಂಪಿ3 ಅಂತ ಎಲ್ಲೂ ಹೇಳಿಲ್ಲ.

ಹಳೇ_ಕ್ಯಾಸೆಟ್:
251 ಓಡಲಿಲ್ಲ ಅನ್ನೋದಂತೂ ನಿಜ ತಾನೆ?

ಚೆಂಡೆ_ಪ್ರೇಮಿ:
ಓಡಲಿಲ್ಲ, ಅದು ಟಿವಿಯ ದೋಷ. 140ರಿಂದ ನೀವು ಮಾಡಿದ 320ರಲ್ಲಿ 16ರ ಮೇಲೆ ಏನಾದರೂ ಇದ್ದರೆ ಆ ಸ್ಪೆಕ್ಟ್ರಮ್ ಚಿತ್ರ ಇಲ್ಲಿ ಹಾಕಿ. ಹಾಕದೆ ಮದ್ದಳೆಯ ಪೆಟ್ಟಿನ ಬಗ್ಗೆ ಬರೆಯಬೇಡಿ.

ಹಳೇ_ಕ್ಯಾಸೆಟ್:
ಚಿತ್ರ ನೋಡಿ ಪದ ಕೇಳುವವನು ನಾನಲ್ಲ. ನಾಳೆ ಕಾರಿನಲ್ಲಿ ಮತ್ತೆ ಎರಡನ್ನೂ ಹಾಕಿ ಕೇಳಿ ಬರೆಯುತ್ತೇನೆ.